ಈಜುಕೊಳದ ಹೊಸ ಹೀಟರ್: ಮೂರು ಚಳಿಗಾಲ ಬಳಸಿದ ಮೇಲೆ

ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮ ತೋಟದ ಮನೆ. ಹಿತ್ತಲಲ್ಲಿ 40,000 ಲೀಟರ್ ಹಿಡಿಯುವ ಪುಟ್ಟ ಈಜುಕೊಳ ಇದೆ. ಅಮ್ಮನಿಗೆ ಮಂಡಿ ನೋವು. ನೀರಲ್ಲಿ ನಡೆದರೆ ಅವರಿಗೆ ಆರಾಮ. ಆದರೆ ಡಿಸೆಂಬರ್ ಬಂತೆಂದರೆ ನೀರು ಕೊರೆಯುತ್ತದೆ, ಹೀಟರ್ ಬೇಕೇ ಬೇಕು.

ಹಳೇ ಹೀಟರ್‌ನ ತಾಮ್ರದ ಕಾಯಿಲ್ ತೂತು ಬಿದ್ದಿತ್ತು. ಸುಳಿವು ಮೊದಲು ಸಿಕ್ಕಿದ್ದು ಮೆಟ್ಟಿಲ ಬಿಳಿ ಟೈಲ್ಸ್‌ನಲ್ಲಿ. ಸಂದಿಗಳಲ್ಲೆಲ್ಲ ನೀಲಿ-ಹಸಿರು ಕಲೆ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಪಾಚಿ ಅಂದುಕೊಂಡು ಕ್ಲೋರಿನ್ ಜಾಸ್ತಿ ಹಾಕಿದೆ. ಅದು ಪಾಚಿ ಅಲ್ಲ, ಕರಗಿದ ತಾಮ್ರ. ಕ್ಲೋರಿನ್ ಮಾತ್ರೆಗಳನ್ನು ಸ್ಕಿಮ್ಮರ್ ಬುಟ್ಟಿಯಲ್ಲಿ, ಅಂದರೆ ತೇಲುವ ಕಸ ಹಿಡಿಯುವ ಬುಟ್ಟಿಯಲ್ಲಿ, ಇಡುತ್ತಿದ್ದೆವು. ಆ ಮಾತ್ರೆಗಳಲ್ಲಿ ಹುಳಿ ಅಂಶ ಜಾಸ್ತಿ. ಆ ನೀರು ನೇರ ಹೀಟರ್‌ಗೆ ಹೋಗಿ ವರ್ಷಗಟ್ಟಲೆ ಕಾಯಿಲ್ ತಿಂದಿತ್ತು.

ಈಗಿರುವುದು 13 ಕಿಲೋವ್ಯಾಟ್ ಹೀಟ್ ಪಂಪ್ (ಗಾಳಿಯ ಶಾಖದಿಂದ ನೀರು ಕಾಯಿಸುವ ಮಿಷಿನ್), ಟೈಟಾನಿಯಂ ಕಾಯಿಲ್. ಮಿಷಿನ್ ಬಗ್ಗೆ ನನಗೆ ದೂರಿಲ್ಲ. ಕಣ್ಣಲ್ಲಿ ನೀರು ತರಿಸಿದ್ದು ಪೈಪ್ ಕೆಲಸ.

ನಮ್ಮ ಹಳೇ ಯುಪಿವಿಸಿ ಪೈಪ್ 2 ಇಂಚಿನದು, ಹೊರಗಿನ ಅಳತೆ 60.3 ಮಿ.ಮೀ. ಮಿಷಿನ್ ಜೊತೆ ಬಂದ ಯೂನಿಯನ್ (ಬಿಚ್ಚಿ ಜೋಡಿಸುವ ಜಾಯಿಂಟ್) 63 ಮಿ.ಮೀ. ಪೈಪಿನದು. ‘ಸಲ್ಯೂಷನ್ ಜಾಸ್ತಿ ಹಚ್ಚಿದ್ರೆ ಕೂತ್ಕೊಳ್ಳುತ್ತೆ ಸಾರ್’ ಅಂದರು ಪ್ಲಂಬರ್. ಮೂರನೇ ದಿನ ಬೆಳಿಗ್ಗೆ ಜಾಯಿಂಟ್ ಕಿತ್ತು ಬಂದಿತ್ತು, ಕೊಳ ನಾಲ್ಕು ಬೆರಳು ಇಳಿದಿತ್ತು. ಸಾವಿರ ಅಡಿ ಬೋರ್ ಕೊರೆಸಿದರೂ ನೀರು ಸಿಗುತ್ತದೆಂಬ ಭರವಸೆ ಇಲ್ಲದ ಊರು ನಮ್ಮದು. ಹೊಟ್ಟೆ ಉರಿಯಿತು.

ಎರಡನೇ ಸಲ ಬಂದವರು ಮೊದಲು ಅಳತೆ ಹಿಡಿದರು. ಯೂನಿಯನ್ ಕಡೆಗೆ ಒಳಥ್ರೆಡ್ ಇರುವ ಅಡಾಪ್ಟರ್, ನಮ್ಮ ಪೈಪಿಗೆ 2 ಇಂಚಿನ ಎಂಟಿಎ (ಹೊರಥ್ರೆಡ್ ಇರುವ ಅಡಾಪ್ಟರ್). ಟೆಫ್ಲಾನ್ ಟೇಪ್ ಸುತ್ತಿ ಬಿಗಿದು, ಸಲ್ಯೂಷನ್ ಹಚ್ಚಿದ ಜಾಯಿಂಟ್‌ಗಳನ್ನು ಒಂದು ದಿನ ಪೂರ್ತಿ ಒಣಗಲು ಬಿಟ್ಟರು. ಇವತ್ತಿನವರೆಗೆ ಒಂದು ಹನಿ ಜಿನುಗಿಲ್ಲ.

ಅವರೇ ಮೂರು ಬಾಲ್ ವಾಲ್ವ್ ಹಾಕಿ, ನೀರು ಹೀಟರ್ ಬಿಟ್ಟು ಪಕ್ಕದಿಂದ ಹೋಗುವ ಹಾಗೆ ಬೈಪಾಸ್ ಮಾಡಿಕೊಟ್ಟರು. ಇದನ್ನು ಖರ್ಚು ಅಂತ ಬಿಡಬೇಡಿ. ಹೀಟರ್ ಬಿಚ್ಚಿದರೂ ಫಿಲ್ಟರ್ ಓಡುತ್ತಿರುತ್ತದೆ. ಕ್ಲೋರಿನ್ ಫೀಡರ್ ಈಗ ಹೀಟರ್ ದಾಟಿದ ಮೇಲೆ ಕೊನೆಯಲ್ಲಿದೆ, ನಡುವೆ ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್). ನೀರಿನ ಪಂಪ್ ನಿಂತಾಗ ಕ್ಲೋರಿನ್ ನೀರು ಹಿಂದಕ್ಕೆ ಹರಿಯುವುದಿಲ್ಲ.

ಕರೆಂಟ್ ವಿಷಯ. ನಮ್ಮ ಕೊಳವನ್ನು 1 ಡಿಗ್ರಿ ಏರಿಸಲು ಸುಮಾರು 46 ಯೂನಿಟ್‌ನಷ್ಟು ಶಾಖ ಬೇಕು. ಹೀಟ್ ಪಂಪ್ ಗಾಳಿಯಿಂದಲೇ ಶಾಖ ಎಳೆಯುವುದರಿಂದ, ಬಿಸಿಲಿದ್ದಾಗ 10 ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲ ವರ್ಷ ಬೆಳಗಿನ ಜಾವ 5ಕ್ಕೆ ಹಾಕುತ್ತಿದ್ದೆ, ತಪ್ಪು. ಆ ಚಳಿ ಗಾಳಿಯಲ್ಲಿ ಅದು ಒದ್ದಾಡುತ್ತದೆ. ಈಗ 11ರಿಂದ 4ರವರೆಗೆ ಓಡಿಸಿ, ರಾತ್ರಿ ಬಬಲ್ ಕವರ್ ಹೊದಿಸುತ್ತೇವೆ. ಕವರ್ ಇಲ್ಲದಿದ್ದರೆ ಕಾಯಿಸಿದ್ದೆಲ್ಲ ಆವಿಯಾಗಿ ಹೋಗುತ್ತದೆ.

ಒಂದು ಕಾಟ ಮಾತ್ರ ಇದೆ. ರಸ್ತೆ ಧೂಳು ಮಿಷಿನ್ ಹಿಂಬದಿಯ ಫಿನ್‌ಗಳಿಗೆ (ತೆಳು ಲೋಹದ ಪಟ್ಟಿಗಳಿಗೆ) ಮೆತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ ಹಿಡಿದು, ಮೇಲಿಂದ ಕೆಳಕ್ಕೆ ಎಳೆಯುತ್ತೇನೆ. ಅಡ್ಡ ಎಳೆದರೆ ಫಿನ್ ಮಡಚಿಕೊಳ್ಳುತ್ತವೆ. ಅಮ್ಮ ಅಷ್ಟರಲ್ಲಿ ನೀರಿಗಿಳಿದು ಎರಡು ಸುತ್ತು ಮುಗಿಸಿರುತ್ತಾರೆ.