ಹಳೆ ಸಿಂಗಲ್ ಬ್ಯಾರಲ್ ಬಂದೂಕು: ಬ್ಯಾರಲ್ ಬದಲಿಸುವುದೋ, ಇದ್ದದ್ದನ್ನೇ ಬಿಗಿ ಮಾಡಿಸುವುದೋ?

ಕಂಪನಿ ಒಂದೇ, ಬೋರೂ (ಬ್ಯಾರಲಿನ ಒಳ ಅಳತೆ) ಒಂದೇ ಆದರೆ ಒಂದರ ಬ್ಯಾರಲ್ ಇನ್ನೊಂದಕ್ಕೆ ಕೂರುತ್ತದೆ ಎಂದು ನಮ್ಮ ಕನಕಗಿರಿ ಕಡೆ ಬಂದೂಕು ಇಟ್ಟುಕೊಂಡ ಬಹಳ ಮಂದಿ ನಂಬಿದ್ದಾರೆ. ಕೂರುತ್ತದೆ, ಸುಳ್ಳಲ್ಲ. ಮಡಚಿದರೆ ಮುಚ್ಚಿಕೊಳ್ಳುತ್ತದೆ, ಗುಂಡೂ ಹಾರುತ್ತದೆ. ಗುಂಡು ಹಾರುವಾಗ ಹಿಂದಕ್ಕೆ ಒದೆಯುವ ಒತ್ತಡವನ್ನು ಆ ಜೋಡಣೆ ತಡೆಯುತ್ತದೋ ಇಲ್ಲವೋ ಎಂಬುದು ಮಾತ್ರ ಕೂತ ತಕ್ಷಣ ಗೊತ್ತಾಗುವುದಿಲ್ಲ.

ನಮ್ಮದು ಅಪ್ಪನಿಂದ ಬಂದ 12 ಬೋರಿನ ಬಂದೂಕು. ಹೊರಗೆ ಹ್ಯಾಮರ್ ಇರುವ, ನಡುವೆ ಮುರಿದು ತೋಟಾ ತುಂಬುವ ಜಾತಿಯದು. ಬ್ಯಾರಲ್ ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಗಳಿವೆ. ಶೇಂಗಾ, ಮೆಕ್ಕೆಜೋಳಕ್ಕೆ ಹಂದಿ ಬಿದ್ದಾಗ ಸದ್ದು ಮಾಡಿ ಓಡಿಸುವುದಷ್ಟೇ ಅದರ ಕೆಲಸ. ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಗುಡ್ಡದಿಂದ ಇಳಿಯುವ ಕರಡಿಯ ಮಾತಂತೂ ಎತ್ತಲೇಬೇಡಿ, ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಬರಬರುತ್ತಾ ಬ್ಯಾರಲ್ ಅಲುಗಾಡತೊಡಗಿತು, ಬಾಯಿಯ ಹತ್ತಿರ ಒಳಗೆ ತುಕ್ಕಿನ ಗುಳಿ ಬಿದ್ದವು. ಬಳ್ಳಾರಿಯಲ್ಲಿ ರಿಪೇರಿ ಪರವಾನಗಿ ಇರುವ ಅಂಗಡಿಗೆ ಕೊಂಡೊಯ್ದಾಗ ಮುಂದೆ ಮೂರು ದಾರಿ ಇದ್ದವು: ಇದ್ದ ಬ್ಯಾರಲನ್ನೇ ಬಿಗಿ ಮಾಡಿಸುವುದು, ಅಂಗಡಿಯಲ್ಲೇ ಬಿದ್ದಿದ್ದ ಅದೇ ಕಂಪನಿಯ ಹಳೆ ಬ್ಯಾರಲ್ ಹಾಕಿಸುವುದು, ಇಲ್ಲವೇ ಒಳಗೊಂದು ಕೊಳವೆ ಸೇರಿಸಿ ಚಿಕ್ಕ ತೋಟಾ ಬಳಸುವುದು.

ಮೊದಲು ಕಣ್ಣು ಹೋದದ್ದು ಆ ಇನ್ನೊಂದು ಬ್ಯಾರಲಿನ ಮೇಲೆ. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಿಚ್ಚಿ ಜೋಡಿಸುವುದು ಕಷ್ಟವೇನಲ್ಲ. ಬಂದೂಕು ಮುರಿದು ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಖಾಲಿ ಇದೆಯೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿಕೊಂಡು, ಮುಚ್ಚಿ, ಬ್ಯಾರಲ್ ಅಡಿಯ ಮುಂದಿನ ಕಟ್ಟಿಗೆ ತೆಗೆದು, ಮತ್ತೆ ಲಿವರ್ ಒತ್ತಿ ಮುರಿದರೆ ಬ್ಯಾರಲ್ ಮಡಚುವ ಕೀಲಿನ ಪಿನ್ನಿನ ಮೇಲಿಂದ ಎದ್ದು ಬರುತ್ತದೆ. ಹೊಸದನ್ನು ಕೂರಿಸುವುದೂ ಹಾಗೆಯೇ, ತಿರುವುಮುರುವು. ಎಲ್ಲರೂ ಮೋಸಹೋಗುವುದು ಈ ಸುಲಭಕ್ಕೇ.

ಅಂಗಡಿಯ ಮಿಸ್ತ್ರಿ ವಯಸ್ಸಾದವರು. ಆ ಇನ್ನೊಂದು ಬ್ಯಾರಲನ್ನು ನಮ್ಮ ಬಂದೂಕಿಗೆ ಕೂರಿಸಿ, 'ತಮ್ಮಾ, ಕಟ್ಟಿಗಿ ಹಾಕಬ್ಯಾಡ, ಹಂಗ ಅಲುಗಾಡಿಸಿ ನೋಡು' ಅಂದರು. ಮುಂದಿನ ಕಟ್ಟಿಗೆಯ ಸ್ಪ್ರಿಂಗು ಬ್ಯಾರಲನ್ನು ಹಿಂದಕ್ಕೆ ಒತ್ತಿ ಹಿಡಿಯುವುದರಿಂದ ಅದು ಇದ್ದಾಗ ಸಡಿಲ ಕಾಣುವುದಿಲ್ಲ. ತೆಗೆದು ಅಲುಗಿಸಿದರೆ ಟಕ್ ಟಕ್ ಸದ್ದು. ಆಮೇಲೆ ಬ್ಯಾರಲಿನ ಹಿಂಬದಿಗೆ ದೀಪದ ಮಸಿ ಹಚ್ಚಿ, ಮುಚ್ಚಿ, ತೆರೆದರು. ಸರಿಯಾಗಿ ಕೂತಿದ್ದರೆ ಅದಕ್ಕೆ ಎದುರಾಗಿ ಚೌಕಟ್ಟಿನಲ್ಲಿರುವ ಕಬ್ಬಿಣದ ಗೋಡೆಯ ಮೇಲೆ ಮಸಿ ಸುತ್ತಲೂ ಒಂದೇ ಸಮ ಹತ್ತಬೇಕು. ನಮಗೆ ಹತ್ತಿದ್ದು ಕೆಳಗಡೆ ಒಂದು ತುಣುಕು ಮಾತ್ರ. ಮೇಲ್ಭಾಗದಲ್ಲಿ ತೆಳು ಕಾಗದದ ಚೂರು ಇಟ್ಟು ಮುಚ್ಚಿದರೆ ಎಳೆದಾಗ ಸಲೀಸಾಗಿ ಬಂತು.

ಹೀಗಾಗುವುದಕ್ಕೆ ಕಾರಣ ಇದೆ. ಆ ಕಾಲದ ಬಂದೂಕುಗಳಲ್ಲಿ ಬ್ಯಾರಲಿನ ಅಡಿಯ ಕೊಂಡಿಯನ್ನು ಅದದೇ ಚೌಕಟ್ಟಿನ ಪಿನ್ನಿಗೂ ಬೋಲ್ಟಿಗೂ ಕೈಯಿಂದ ಅರ ಹಾಕಿ ಹೊಂದಿಸುತ್ತಿದ್ದರು. ಬಡಿಗ ಒಂದು ಚೌಕಟ್ಟಿಗೆ ಕೆತ್ತಿದ ಬಾಗಿಲು ಪಕ್ಕದ ಮನೆಗೆ ಕೂರುತ್ತದೆಯೇ? ಅದಕ್ಕೇ ಬ್ಯಾರಲ್, ಚೌಕಟ್ಟು, ಮುಂದಿನ ಕಟ್ಟಿಗೆಯ ಕಬ್ಬಿಣ ಈ ಮೂರರ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ಅಮೆರಿಕದ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಲಕ್ಷಗಟ್ಟಲೆ ಅಗ್ಗದ ಸಿಂಗಲ್ ಬಂದೂಕು ಮಾಡಿದ ಕಂಪನಿ. ಅದು ಕೂಡ ಹೆಚ್ಚುವರಿ ಬ್ಯಾರಲ್ ಕೇಳಿದವರಿಂದ ಬಂದೂಕನ್ನೇ ಕಾರ್ಖಾನೆಗೆ ತರಿಸಿಕೊಂಡು ಜೋಡಿಸಿ ಕೊಡುತ್ತಿತ್ತು. 1967ರಲ್ಲಿ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್‌ನಂಥವು ಬೇರೆ, ಮಾಲೀಕನೇ ಬ್ಯಾರಲ್ ಬದಲಿಸಲಿ ಎಂದೇ ಅವನ್ನು ಮಾಡಿದ್ದು. ನಮ್ಮ ಮನೆಗಳ ಅಟ್ಟದ ಮೇಲಿನವು ಆ ಜಾತಿಯವಲ್ಲ.

ಸಡಿಲು ಇದ್ದರೇನಂತೆ ಎನ್ನುವವರಿಗೆ: ಹಿಂದೆ ಜಾಗ ಉಳಿದರೆ ತೋಟಾದ ತಳಕ್ಕೆ ಆಸರೆ ಇರುವುದಿಲ್ಲ. ಹಾರಿದ ಮೇಲೆ ಖಾಲಿ ತೋಟಾ ತೆಗೆದು ನೋಡಿ, ನಡುವಿನ ಕ್ಯಾಪು ಮಟ್ಟಕ್ಕಿಂತ ಮೇಲೆದ್ದಿದ್ದರೆ ಅದೇ ಗುರುತು. ತಳ ಹರಿದರೆ ಬಿಸಿ ಗಾಳಿ ಬರುವುದು ನಿಮ್ಮ ಮುಖಕ್ಕೇ.

ಆ ಬ್ಯಾರಲಿನಲ್ಲಿ ಇನ್ನೊಂದು ತೊಡಕೂ ಇತ್ತು. ಅದರ ಚೇಂಬರ್ 65 ಮಿಲಿಮೀಟರಿನದು. ತೋಟಾದ ಮೇಲೆ ಬರೆದಿರುವುದು ಹಾರಿದ ಮೇಲಿನ ಉದ್ದ. ಹಾಗಾಗಿ 70 ಮಿಲಿಮೀಟರ್ ತೋಟಾ ತನ್ನ ಬಾಯಿಯ ಮಡಿಕೆ ಬಿಚ್ಚದೆ ಇರುವಾಗ ಅದರೊಳಗೆ ಆರಾಮಾಗಿ ಇಳಿಯುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. 'ತೋಟಾ ಒಳಗ ಹೋತು, ಅಂದ್ರ ಸರಿ ಐತಿ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೈಮೇಲೆ ಸುರುಳಿ ಸುರುಳಿ ಗೆರೆ ಕಾಣುವ ಡಮಾಸ್ಕಸ್ ಬ್ಯಾರಲ್ ಯಾರಾದರೂ ಕೊಟ್ಟರೆ ಗೋಡೆಗೆ ತೂಗುಹಾಕಿ, ಅವು ಬಹುತೇಕ ಕರಿಮದ್ದಿನ ಕಾಲದವು, ಈಗಿನ ತೋಟಾದ ಒತ್ತಡಕ್ಕೆ ಮಾಡಿದವಲ್ಲ.

ಕೊಳವೆ ಸೇರಿಸುವ ದಾರಿಯನ್ನು ಡಮ್ಮಿ ತೋಟಾ ಹಾಕಿ ಅಂಗಡಿಯಲ್ಲೇ ನೋಡಿ ಬಿಟ್ಟೆ. ಕೊಳವೆ ಚೆನ್ನಾಗಿಯೇ ಇತ್ತು. ಮನೆಗೆ ಎರಡು ಅಳತೆಯ ತೋಟಾ ಬರುವುದೇ ನನಗೆ ಬೇಡವಾಗಿತ್ತು. ಬೋರಿನ ನಂಬರು ದೊಡ್ಡದಾದಷ್ಟೂ ತೋಟಾ ಸಣ್ಣದು, ಹಾಗಾಗಿ 12 ಬೋರಿನೊಳಗೆ 20 ಬೋರಿನ ತೋಟಾ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ ಖಾಲಿ ಎಂದುಕೊಂಡು ಹಿಂದೆ 12ರದ್ದು ತುಂಬಿದರೆ ಬ್ಯಾರಲ್ ಸಿಡಿಯುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಇದಕ್ಕಾಗಿಯೇ. ರಾತ್ರಿ ಹೊಲದಲ್ಲಿ ಬಣ್ಣ ಯಾರಿಗೆ ಕಾಣುತ್ತದೆ?

ಉಳಿದದ್ದು ನಮ್ಮದೇ ಬ್ಯಾರಲ್. ಗುಳಿ ಬಿದ್ದಿರುವುದು ಬಾಯಿಯ ಹತ್ತಿರವಾದ್ದರಿಂದ ಬಚಾವಾಯಿತು, ಅಲ್ಲಿ ಒತ್ತಡ ಇಳಿದಿರುತ್ತದೆ. ಅದೇ ಗುಳಿ ಚೇಂಬರಿನ ಮುಂದೆ ಇದ್ದಿದ್ದರೆ ಬಂದೂಕನ್ನು ಅಲ್ಲಿಗೇ ಬಿಟ್ಟು ಬರುತ್ತಿದ್ದೆ. ಬ್ಯಾರಲಿನ ಗೋಡೆಯ ದಪ್ಪ ಅಳೆಸಿದೆ, ಉಜ್ಜಿ ಹೊಳಪು ಕೊಡಿಸಲಿಲ್ಲ. ಉಜ್ಜಿದಷ್ಟೂ ಗೋಡೆ ತೆಳುವಾಗುತ್ತದೆ. ಕೊಂಡಿಯನ್ನು ಸುತ್ತಿಗೆಯಿಂದ ಬಡಿದು ಉಬ್ಬಿಸಿ ಬಿಗಿ ಮಾಡುವ ಅಗ್ಗದ ಪದ್ಧತಿ ಒಂದಿದೆ, ಸ್ವಲ್ಪ ದಿನಕ್ಕೆ ಮತ್ತೆ ಸಡಿಲಾಗುತ್ತದೆ. ತಗಡಿನ ಚೂರು ಇಟ್ಟು ಬಿಗಿ ಮಾಡುವವರೂ ಇದ್ದಾರೆ, ಅವರಿಂದ ದೂರ ಇರಿ. ಮಿಸ್ತ್ರಿ ಹಳೆ ಪಿನ್ನು ತೆಗೆದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪದ ಹೊಸ ಪಿನ್ನು ಹಾಕಿ, ಮಸಿ ಹಚ್ಚಿ ಅರ ಹಾಕುತ್ತಾ ಕೂರಿಸಿದರು. ಈ ಸಲ ಮಸಿ ಸುತ್ತಲೂ ಹತ್ತಿತು, ಕಾಗದ ಜಗ್ಗಿದರೆ ಹರಿಯಿತು. ಮೊದಲ ತೋಟಾ ಹಾರಿಸಿದ್ದು ಬಂದೂಕನ್ನು ಹಳೆ ಟೈರಿಗೆ ಕಟ್ಟಿ, ದೂರದಿಂದ ಹಗ್ಗ ಎಳೆದು. ಖಾಲಿ ತೋಟಾದ ಕ್ಯಾಪು ಮಟ್ಟಸವಾಗಿತ್ತು.

ಖರ್ಚು? ಇನ್ನೊಂದು ಬ್ಯಾರಲನ್ನೂ ಹೀಗೆಯೇ ಅರ ಹಾಕಿ ಹೊಂದಿಸಬೇಕಿತ್ತು, ಮೇಲೆ ಅದರ ಬೆಲೆ ಬೇರೆ. ಕೂಲಿ ಎರಡಕ್ಕೂ ಒಂದೇ ಅಂದಾಗ ನನಗೆ ಯೋಚಿಸುವುದೇನೂ ಉಳಿಯಲಿಲ್ಲ. ನಿಮ್ಮ ಬ್ಯಾರಲ್ ಚೇಂಬರ್ ಕಡೆಯೇ ಕೆಟ್ಟಿದ್ದರೆ ಮಾತ್ರ ಬೇರೆ ಬ್ಯಾರಲಿಗೆ ಅರ್ಥವಿದೆ, ಅದೂ ಇಡೀ ಬಂದೂಕನ್ನು ಮಿಸ್ತ್ರಿಯ ಕೈಗೆ ಒಪ್ಪಿಸಿದರೆ. ಹೊಸ ಬಂದೂಕು ಕೊಳ್ಳುವವರು ಕೊಳ್ಳಲಿ, ನಾನು ಆ ಲೆಕ್ಕಕ್ಕೇ ಹೋಗಲಿಲ್ಲ.

ಕಾಗದಪತ್ರದ ಮಾತು ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ. ಬಿಡಿ ಬ್ಯಾರಲನ್ನು ಪರಿಚಯದವರಿಂದ ತಂದು ಮನೆಯಲ್ಲಿಟ್ಟರೆ ತಪ್ಪಾಗುತ್ತದೆ. ಗುಳಿ ಬಿದ್ದ ಬಾಯಿಯನ್ನು ಕತ್ತರಿಸಿ ಹಾಕೋಣ ಎಂದು ಒಬ್ಬರು ಸಲಹೆ ಕೊಟ್ಟರು. ಅದಕ್ಕೇ ಪ್ರತ್ಯೇಕ ಪರವಾನಗಿ ಬೇಕು. ಮೇಲಾಗಿ ರಕ್ಷಣೆಗೆಂದು ಕೊಡುವ ಲೈಸೆನ್ಸಿನ ಲೆಕ್ಕ 20 ಇಂಚಿಗೆ ಕಡಿಮೆಯಿಲ್ಲದ ಬ್ಯಾರಲಿನದು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸು 5 ವರ್ಷಕ್ಕೆ ನವೀಕರಣವಾಗುತ್ತದೆ, ಆಗ ಪುಸ್ತಕದ ನಂಬರಿಗೂ ಬಂದೂಕಿನ ನಂಬರಿಗೂ ತಾಳೆಯಾಗಬೇಕು. ಬ್ಯಾರಲ್ ಬದಲಿಸುವವರು ಮೊದಲೇ ಲೈಸೆನ್ಸು ಕೊಟ್ಟ ಕಚೇರಿಯಲ್ಲಿ ಕೇಳಿಕೊಂಡು, ಅಂಗಡಿಯ ಬಿಲ್ಲಿನಲ್ಲಿ ಹಳೆ ನಂಬರು, ಹೊಸ ನಂಬರು ಎರಡನ್ನೂ ಬರೆಸಿಕೊಳ್ಳಿ.