ಮುಂಬಯಿಯ ಸೆಕೆಯಲ್ಲಿ ಮರದ ಹುಡ್: ಮನೆಯಲ್ಲೇ ಮಾಡಿಕೊಂಡ ಅಕ್ವೇರಿಯಂ ಮುಚ್ಚಳದ ದೀರ್ಘ ಬಳಕೆಯ ವಿಮರ್ಶೆ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಿಹಿನೀರಿನ ಅಕ್ವೇರಿಯಂಗೆ ಪ್ಲೈವುಡ್‌ನಲ್ಲಿ ಮಾಡಿಸಿ, ದೀಪ ಮತ್ತು ಫ್ಯಾನ್‌ಗಳನ್ನು ನಾನೇ ಜೋಡಿಸಿಕೊಂಡ ಹುಡ್‌ನ ವಿಮರ್ಶೆ ಇದು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಅದು ಹಲವು ಬೇಸಿಗೆ, ಹಲವು ಮಳೆಗಾಲಗಳನ್ನು ಕಂಡಿದೆ. ಇಷ್ಟು ಕಾಲ ಬಳಸಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಸಮುದ್ರದ ಬದಿಯ ಈ ಊರುಗಳಲ್ಲಿ ಹುಡ್ ಕೊಳ್ಳುವವರಾಗಲಿ ಮಾಡಿಸುವವರಾಗಲಿ ದೀಪ ಎಷ್ಟು ವ್ಯಾಟಿನದು ಎಂದು ಕೇಳುವುದಕ್ಕೆ ಮೊದಲು, ಅದರೊಳಗೆ ಬಂದ ಗಾಳಿ ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂದು ಕೇಳಬೇಕು. ಮರದ ಆಯುಷ್ಯ, ದೀಪದ ಆಯುಷ್ಯ, ಮೀನಿನ ಆರೋಗ್ಯ ಮೂರೂ ಆ ಒಂದು ಪ್ರಶ್ನೆಯ ಮೇಲೆ ನಿಂತಿವೆ.

ತೊಟ್ಟಿಯ ಜೊತೆಗೇ ಬಂದಿದ್ದ ಪ್ಲಾಸ್ಟಿಕ್ ಹುಡ್ ನೋಡಲು ಚೆನ್ನಾಗಿತ್ತು, ಆದರೆ ನಾಲ್ಕೂ ಕಡೆ ಮುಚ್ಚಿದ ಡಬ್ಬಿ ಅದು. ಒಳಗೆ 36 ವ್ಯಾಟಿನ ಎರಡು ಟ್ಯೂಬ್‌ಲೈಟುಗಳು, ಅವುಗಳ ಚೋಕ್‌ಗಳು; ಮೇ ತಿಂಗಳ ಸಂಜೆ ಮುಚ್ಚಳ ಎತ್ತಿದರೆ ಮುಖಕ್ಕೆ ಬಿಸಿ ಹಬೆ ಹೊಡೆಯುತ್ತಿತ್ತು, ನೀರಿನ ಥರ್ಮಾಮೀಟರ್ 32 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ನಮ್ಮಲ್ಲಿರುವುದು ಪಶ್ಚಿಮ ಘಟ್ಟದ ತೊರೆಗಳ ಡೆನಿಸನ್ ಬಾರ್ಬ್, ಅಂಗಡಿಯವರು ಮಿಸ್ ಕೇರಳ ಎಂದು ಕರೆಯುವ ಮೀನು, ಜೊತೆಗೆ ಕೋರಿಡೋರಾಸ್ ಎಂಬ ಒಂದಷ್ಟು ಪುಟ್ಟ ಮೀಸೆಮೀನುಗಳು. ಎರಡೂ ತಂಪು ನೀರನ್ನು ಬಯಸುವಂಥವು. (ಡೆನಿಸನ್ ಬಾರ್ಬ್ ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನಾದ್ದರಿಂದ, ತೊರೆಯಿಂದ ಹಿಡಿದದ್ದನ್ನು ಬಿಟ್ಟು, ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ ತರಬೇಕು.) ಸಿಹಿನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತಲೇ ಹೋಗುತ್ತದೆ. ಬಾರ್ಬ್‌ಗಳು ಫಿಲ್ಟರಿನ ಬಾಯಿಯ ಬಳಿ ಗುಂಪುಗೂಡಿ ಕಿವಿರುಗಳನ್ನು ಬಡಬಡನೆ ಆಡಿಸುವುದನ್ನು ನೋಡಿದ ಮೇಲೆ ಹೊಸ ಹುಡ್ ಮಾಡಿಸುವುದೆಂದು ತೀರ್ಮಾನಿಸಿದೆ.

ಮರಗೆಲಸಕ್ಕೆ ಒದಗಿದವರು ಕಾರ್ಕಳದ ಕಡೆಯಿಂದ ಬಂದು ಇಲ್ಲೇ ನೆಲೆಸಿರುವ ಆಚಾರ್ರು. ನನ್ನ ಚಿತ್ರದಲ್ಲಿ ಹಿಂದಿನ ಬದಿಗೆ ಬರೀ ಎರಡು ಕಿಂಡಿಗಳಿದ್ದವು. ಅದನ್ನು ನೋಡಿ ಅವರು, “ಹಿಂದೆ ಇಷ್ಟು ಮುಚ್ಚಿದರೆ ಮಳೆಗಾಲದಲ್ಲಿ ಪ್ಲೈ ಕುಡಿದು ಉಬ್ಬುತ್ತದೆ ಮಾರಾಯ್ರೆ, ಗಾಳಿ ಹೋಗ್ಲಿಕ್ಕೆ ಸರಿಯಾದ ದಾರಿ ಬೇಕು,” ಎಂದರು. ಈ ಹುಡ್‌ನ ಬಗ್ಗೆ ಯಾರಾದರೂ ಕೊಟ್ಟ ಸಲಹೆಗಳಲ್ಲಿ ಅತ್ಯಂತ ಬೆಲೆಬಾಳುವುದು ಅದೇ. ಅವರ ಮಾತಿನಂತೆ ಹಿಂಬದಿಯ ಬಲ ಅರ್ಧವನ್ನೂ ಬಲಗಡೆಯ ಪಕ್ಕವನ್ನೂ ಉದ್ದುದ್ದ ಸೀಳುಗಳಾಗಿ ತೆರೆದಿಟ್ಟೆವು.

ಪ್ಲೈವುಡ್ 12 ಮಿಲಿಮೀಟರಿನದು, ಐಎಸ್ 710 (ಭಾರತೀಯ ಮಾನಕ) ಮುದ್ರೆಯ, ನೀರು ತಾಳುವ ಮೆರೈನ್ ದರ್ಜೆಯದು. ಸಾಮಾನ್ಯ ಪೀಠೋಪಕರಣಕ್ಕೆ ಬಳಸುವ ಐಎಸ್ 303 ಪ್ಲೈ ಅಗ್ಗವಾದರೂ, ಹಗಲಿರುಳು ಆವಿ ತಾಗುವ ಜಾಗಕ್ಕೆ ಅದನ್ನು ಹಾಕಿ ಹಣ ಉಳಿಸುವುದು ನನ್ನ ಮಟ್ಟಿಗೆ ಉಳಿತಾಯವೇ ಅಲ್ಲ. ಅಂಟು ಫೆವಿಕಾಲ್ ಮೆರೈನ್. ಸ್ಕ್ರೂ ಮತ್ತು ಹಿಂಜ್ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆಯ ಹಿಂಜ್ ಅಂದವಾಗಿ ಕಂಡರೂ ಅದರಿಂದ ನೀರಿಗೆ ತೊಟ್ಟಿಕ್ಕುವ ತಾಮ್ರದ ಅಂಶ ಸಿಗಡಿ, ಬಸವನಹುಳುಗಳಿಗೆ ವಿಷ. ಒಳಮೈಗೆ ಎರಡು ಭಾಗ ಬೆರೆಸುವ ಬಿಳಿ ಎಪಾಕ್ಸಿ ಬಣ್ಣವನ್ನು ಮೂರು ಕೈ ಹೊಡೆದೆ. ಪ್ಲೈನ ಕತ್ತರಿಸಿದ ಅಂಚುಗಳಿಗೆ, ಸೀಳುಗಳ ಒಳಬದಿಗೆ, ಸ್ಕ್ರೂ ತೂತುಗಳಿಗೆ ಇನ್ನೂ ಒಂದು ಕೈ ಹೆಚ್ಚು. ನೀರು ಪ್ಲೈನ ಒಳಗೆ ಹೋಗುವುದು ಅಗಲವಾದ ಮೈಯಿಂದಲ್ಲ, ಈ ಅಂಚುಗಳಿಂದಲೇ. ಮೂಲೆಗಳಿಗೆ ತುಂಬುವ ಸಿಲಿಕೋನ್ ಅಕ್ವೇರಿಯಂಗೆಂದೇ ಮಾರುವುದಾಗಿರಲಿ; ಬಾತ್‌ರೂಮ್ ಸಿಲಿಕೋನ್‌ನಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆತಿರುತ್ತದೆ. ಬಣ್ಣದ ವಾಸನೆ ಪೂರಾ ಹೋಗುವವರೆಗೆ ಹುಡ್ ಅನ್ನು ಬಾಲ್ಕನಿಯಲ್ಲೇ ಇಟ್ಟಿದ್ದೆ.

ಗಾಳಿಯ ಏರ್ಪಾಡನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ, 120 ಮಿಲಿಮೀಟರಿನ ಎರಡು ಫ್ಯಾನ್‌ಗಳು ಹಿಂಬದಿಯ ಎಡ ಅರ್ಧದಲ್ಲಿವೆ. ಅವು ಕೋಣೆಯ ಗಾಳಿಯನ್ನು ಒಳಗೆ ದೂಡುತ್ತವೆ, ನೀರಿನ ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ. ಒದ್ದೆಯಾದ ಗಾಳಿ ಬಲಗಡೆಯ ಸೀಳುಗಳಿಂದ ತಾನಾಗಿ ಹೊರಬೀಳುತ್ತದೆ. ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುವ ಹಾಗೆ ಫ್ಯಾನ್ ಕೂರಿಸುವವರೂ ಇದ್ದಾರೆ. ಆದರೆ ಹಾಗೆ ಮಾಡಿದರೆ ಹಬೆಯೆಲ್ಲ ಫ್ಯಾನಿನ ಬೇರಿಂಗ್ ಮತ್ತು ಸುರುಳಿಯ ಮೂಲಕವೇ ಹಾದುಹೋಗುತ್ತದೆ. ಒಳಕ್ಕೆ ದೂಡುವ ಫ್ಯಾನ್‌ಗೆ ಸಿಗುವುದು ಕೋಣೆಯ ಗಾಳಿ, ಅದು ಎಷ್ಟಾದರೂ ಹುಡ್‌ನೊಳಗಿನ ಗಾಳಿಗಿಂತ ಒಣಗಿದ್ದು. ಹೊರದಾರಿಯ ಒಟ್ಟು ವಿಸ್ತಾರ ಫ್ಯಾನ್‌ಗಳ ಬಾಯಿಗಿಂತ ಕನಿಷ್ಠ ಒಂದೂವರೆ ಪಟ್ಟು ಇರಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಜಿರಲೆ ಮತ್ತು ಹಲ್ಲಿ ಬಾರದಂತೆ ಸೀಳುಗಳಿಗೆ ಹಾಕುವ ಸೊಳ್ಳೆ ಜಾಲರಿಯೇ ಗಾಳಿಯ ಒಂದು ಪಾಲನ್ನು ತಡೆಯುತ್ತದೆ.

ಫ್ಯಾನ್‌ನಿಂದ ನೀರು ತಣ್ಣಗಾಗುವುದು ಆವಿಯಾಗುವಿಕೆಯಿಂದ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ತನ್ನೊಂದಿಗೆ ಒಯ್ಯುತ್ತದೆ. ನಮ್ಮ ತೊಟ್ಟಿಯ ಅಳತೆಗೆ 255 ಲೀಟರ್ ಹಿಡಿಯಬೇಕು. ಜಲ್ಲಿ, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು ಇರುವುದು 220 ಲೀಟರಿನಷ್ಟು. ಇದನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 920 ಕಿಲೋಜೌಲ್. ಅಂದರೆ, ಹೊರಗಿನಿಂದ ಶಾಖ ಮರಳಿ ಬಾರದಿದ್ದರೆ, ಒಂದು ಲೀಟರ್ ಆವಿಯಾದರೆ ಎರಡೂವರೆ ಡಿಗ್ರಿ ಇಳಿಯಬೇಕು. ಕೋಣೆಯ ಸೆಕೆ ಒಳನುಗ್ಗುತ್ತಲೇ ಇರುವುದರಿಂದ ಅಷ್ಟು ಸಿಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರಿಗೂ ಮಿಕ್ಕಿ ನೀರು ಇಳಿದರೂ ನಮ್ಮಲ್ಲಿ ಸ್ಥಿರವಾಗಿ ನಿಲ್ಲುವುದು ಎರಡರಿಂದ ಮೂರು ಡಿಗ್ರಿಯ ವ್ಯತ್ಯಾಸ. 32ರ ಜಾಗದಲ್ಲಿ 29 ಎಂಬುದು ಕೇಳಲು ಚಿಕ್ಕದು, ಆದರೆ ಬಾರ್ಬ್‌ಗಳು ಫಿಲ್ಟರಿನ ಬಳಿ ಗುಂಪುಗೂಡುವುದು ಹೊಸ ಹುಡ್ ಕೂರಿಸಿದ ಮೊದಲ ಬೇಸಿಗೆಯಲ್ಲೇ ನಿಂತಿತು.

ಈ ಉಪಾಯಕ್ಕೆ ಒಂದು ಮಿತಿಯಿದೆ, ಅದನ್ನು ತಿಳಿದೇ ಹಣ ಹಾಕಬೇಕು. ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ಶೇಕಡಾ 90ರ ಹತ್ತಿರ ಇರುವಾಗ ಫ್ಯಾನ್ ಎಷ್ಟು ಹೊತ್ತು ತಿರುಗಿದರೂ ನೀರು ಆವಿಯಾಗುವುದು ತೀರಾ ಕಡಿಮೆ, ಉಷ್ಣತೆಯೂ ಹೆಚ್ಚೇನೂ ಇಳಿಯುವುದಿಲ್ಲ. ಆಗ ಹವೆಯೇ ತಕ್ಕಮಟ್ಟಿಗೆ ತಂಪಾಗಿರುವುದರಿಂದ ಮೀನುಗಳಿಗೆ ತೊಂದರೆಯಿಲ್ಲ. ಮಳೆಗಾಲದಲ್ಲಿ ಫ್ಯಾನಿನ ಕೆಲಸ ಮರವನ್ನು ಕಾಪಾಡುವುದು: ಮುಚ್ಚಳದ ಒಳಮೈಯಲ್ಲಿ ಹನಿಗಟ್ಟದಂತೆ ನೋಡಿಕೊಳ್ಳುವುದು. ಹವಾನಿಯಂತ್ರಿತ ಕೋಣೆಯಲ್ಲಿ ತೊಟ್ಟಿ ಇಟ್ಟವರಿಗೂ ಇದೇ ಮಾತು, ಏಕೆಂದರೆ ನೀರು ಬೆಚ್ಚಗಿದ್ದು ಕೋಣೆ ತಣ್ಣಗಿದ್ದರೆ ಹನಿ ಕಟ್ಟುವುದು ಇನ್ನೂ ಹೆಚ್ಚು. ಮಳೆ ಹಿಂದೆಗೆದ ಮೇಲೆ ಬರುವ ಅಕ್ಟೋಬರ್ ಬಿಸಿಲಿಗೆ ಫ್ಯಾನ್ ಮತ್ತೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಡಬ್ಲ್ಯೂ1209 ಎಂಬ ಸಣ್ಣ ತಾಪಮಾನ ನಿಯಂತ್ರಕವನ್ನು 28 ಡಿಗ್ರಿಗೆ ಇಟ್ಟಿದ್ದೇನೆ. ನೀರು ಅದನ್ನು ಮೀರಿದಾಗ ಫ್ಯಾನ್ ತಾನೇ ಹತ್ತಿಕೊಳ್ಳುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅದನ್ನು ಬದಿಗಿಟ್ಟು, ಫ್ಯಾನ್‌ಗಳನ್ನು 9 ವೋಲ್ಟಿನಲ್ಲಿ ನಿಧಾನವಾಗಿ ಸದಾ ತಿರುಗಲು ಬಿಡುತ್ತೇನೆ.

ದೀಪಕ್ಕೆ 12 ವೋಲ್ಟಿನ ಎಲ್‌ಇಡಿ ಪಟ್ಟಿಯ ಮೂರು ಸಾಲುಗಳಿವೆ, ಮೀಟರಿಗೆ 14.4 ವ್ಯಾಟಿನವು, ಬಣ್ಣ 6500 ಕೆಲ್ವಿನ್, ಅಂದರೆ ಹಗಲಿನಂಥ ಬಿಳಿ. ಒಟ್ಟು 48 ವ್ಯಾಟಿನ ಆಸುಪಾಸು. ಜಾವಾ ಫರ್ನ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಎಂಬ ನೀರಿನ ಗಿಡಗಳಿಗೆ ದಿನಕ್ಕೆ ಎಂಟು ಗಂಟೆ ಇಷ್ಟು ಬೆಳಕು ಸಾಲುತ್ತದೆ, ಹೆಚ್ಚು ಹೊತ್ತು ಉರಿಸಿದರೆ ಪಾಚಿಯೇ ಬೆಳೆಯುವುದು. ಪಟ್ಟಿಗಳನ್ನು ನೇರವಾಗಿ ಮರಕ್ಕೆ ಅಂಟಿಸದೆ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸಿದ್ದೇನೆ. ಅದು ಎಲ್‌ಇಡಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಫ್ಯಾನಿನ ಗಾಳಿ ಅದನ್ನು ಹೊರಗೆ ಸಾಗಿಸುತ್ತದೆ.

ಹುಡ್‌ನೊಳಗೆ 230 ವೋಲ್ಟ್ ಎಲ್ಲಿಯೂ ಇಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಈ ವಿನ್ಯಾಸದ ದೊಡ್ಡ ಗುಣ. ದೀಪಕ್ಕೊಂದು ಫ್ಯಾನ್‌ಗೊಂದು ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ), ಎರಡೂ ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಯ ಮೇಲಿವೆ. ಹುಡ್‌ನಿಂದ ಹೊರಟ ವೈರ್ ಮೊದಲು ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತೆ ಬಳಸಿಟ್ಟರೆ, ವೈರ್ ಹಿಡಿದು ಹರಿದ ನೀರು ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ. ಫಿಲ್ಟರ್ ಹೇಗೂ ಮನೆಯ ವಿದ್ಯುತ್ತಿನಲ್ಲೇ ನಡೆಯುವುದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸದೆ ನೀರಿಗೆ ಕೈ ಹಾಕಬಾರದು. ಈ ಒಂದು ವಿಷಯದಲ್ಲಿ ದಯವಿಟ್ಟು ಯಾರೂ ಚೌಕಾಸಿ ಮಾಡಬೇಡಿ.

ಕಾಲ ಕಳೆದಂತೆ ಏನೇನು ಸವೆಯಿತು ಎಂಬುದಕ್ಕೆ ಬರುತ್ತೇನೆ. ಮರ ಗಟ್ಟಿಯಾಗಿದೆ. ಮುಂಬದಿಯ ಬಾಗಿಲಿನ ಕೆಳ ಅಂಚಿನಲ್ಲಿ, ಊಟ ಹಾಕುವಾಗ ಒದ್ದೆ ಕೈ ತಾಗುವ ಜಾಗದಲ್ಲಿ ಮಾತ್ರ, ಬಣ್ಣ ಉಗುರಿನಷ್ಟು ಅಗಲಕ್ಕೆ ಎದ್ದಿದ್ದು, ಅದರಡಿಯ ಮೊದಲ ಪದರದ ನಾರುಗಳು ಬೆರಳಿಗೆ ಒರಟಾಗಿ ಸಿಗುತ್ತಿದ್ದವು. ಅಷ್ಟನ್ನು ಉಜ್ಜಿ, ಒಣಗಿಸಿ, ಮತ್ತೆ ಎಪಾಕ್ಸಿ ಹಚ್ಚಿದೆ, ಆಮೇಲೆ ಹಬ್ಬಿಲ್ಲ. ಎಲ್‌ಇಡಿ ಪಟ್ಟಿಗಳ ಮೇಲಿನ ನೀರು ನಿರೋಧಕ ಲೇಪ ಎರಡನೆಯ ವರ್ಷದಿಂದ ಹಳದಿಗಟ್ಟತೊಡಗಿತು, ಬೆಳಕಿನ ಬಿಳುಪು ಕುಗ್ಗಿತು. ಹಿಂಬದಿಯ ಅಂಟು ಸೆಕೆಗೆ ಬಿಟ್ಟುಕೊಂಡರೂ ಚಾನೆಲ್ ಇದ್ದುದರಿಂದ ಪಟ್ಟಿ ನೀರಿಗೆ ಬೀಳಲಿಲ್ಲ. ಪಟ್ಟಿಗಳನ್ನು ಒಮ್ಮೆ ಪೂರ್ತಿ ಬದಲಿಸಿದ್ದೇನೆ. ಇದನ್ನು ಆಗಾಗ ಬದಲಿಸಬೇಕಾದ ಸಾಮಾನು ಎಂದೇ ಲೆಕ್ಕ ಹಿಡಿಯುವುದು ಒಳ್ಳೆಯದು. ಫ್ಯಾನ್‌ಗಳಲ್ಲಿ ಅಗ್ಗದ ಸ್ಲೀವ್ ಬೇರಿಂಗಿನದು ಬೇಗನೆ ಕರಕರ ಸದ್ದು ಮಾಡಲಾರಂಭಿಸಿತು. ಅದರ ಜಾಗಕ್ಕೆ ಬಂದ ಬಾಲ್ ಬೇರಿಂಗಿನ ಫ್ಯಾನ್ ಇಂದಿಗೂ ಚೆನ್ನಾಗಿ ತಿರುಗುತ್ತಿದೆ. ಜಾಲರಿಯಲ್ಲಿ ಧೂಳು ಮತ್ತು ಬಟ್ಟೆಯ ನವಿರು ಸೇರಿ ಗಾಳಿ ಕಟ್ಟುವುದರಿಂದ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಂಗಳಿಗೊಮ್ಮೆ ಉಜ್ಜಬೇಕು.

ದಿನದ ಬಳಕೆಯಲ್ಲಿ ಒಂದು ಕೆಲಸ ಹೆಚ್ಚಾಗಿದೆ, ನೀರು ತುಂಬಿಸುವುದು. ಆವಿಯಾಗಿ ಹೋಗುವುದು ಬರೀ ನೀರು. ಲವಣಗಳೆಲ್ಲ ತೊಟ್ಟಿಯಲ್ಲೇ ಉಳಿಯುತ್ತವೆ. ಮೇಲಿಂದ ಮೇಲೆ ಸುರಿಯುತ್ತ ಹೋದರೆ ಗಡಸುತನ ಏರುತ್ತದೆ, ಹಾಗಾಗಿ ವಾರದ ನೀರು ಬದಲಾವಣೆಯನ್ನು ತಪ್ಪಿಸುವಂತಿಲ್ಲ. ಕ್ಲೋರಿನ್ ತೆಗೆದ ನಲ್ಲಿ ನೀರಾದರೆ ತೊಂದರೆ ಕಡಿಮೆ; ಬೋರ್‌ವೆಲ್ ನೀರು ಬಳಸುವ ಸೊಸೈಟಿಗಳವರು ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇಟ್ಟುಕೊಳ್ಳಲೇಬೇಕು. ಬಾರ್ಬ್‌ಗಳು ನೆಗೆಯುವ ಮೀನುಗಳು. ಪ್ಲಾಸ್ಟಿಕ್ ಹುಡ್ ತೆಗೆದಿಟ್ಟಿದ್ದ ದಿನಗಳಲ್ಲಿ ತೊಟ್ಟಿಯ ಬಾಯಿಗೆ ಬಲೆ ಕಟ್ಟಬೇಕಾಗಿತ್ತು, ಈಗ ಎಂಟು ಇಂಚು ಎತ್ತರದ ಮರದ ಗೋಡೆಗಳು ಆ ಚಿಂತೆಯನ್ನು ಕಳೆದಿವೆ. ಭಾರ ಎಂಟೊಂಬತ್ತು ಕಿಲೋ ಇರುವುದರಿಂದ ಇಡಿಯಾಗಿ ಎತ್ತುವುದಕ್ಕೆ ಇಬ್ಬರು ಬೇಕು. ಮೇಲ್ಭಾಗದ ಮುಂದಿನ ಅರ್ಧ ಭಾಗ ಉದ್ದನೆಯ ಹಿಂಜ್ ಮೇಲೆ ಮಡಚಿಕೊಳ್ಳುವುದರಿಂದ ಎತ್ತುವ ಸಂದರ್ಭವೇ ಅಪರೂಪ.

ಮರ, ಕೂಲಿ, ಬಣ್ಣ, ವಿದ್ಯುತ್ ಸಾಮಾನು ಎಲ್ಲ ಸೇರಿ ಆಗ 6,000 ರೂಪಾಯಿಯ ಆಸುಪಾಸು ಆಯಿತು. ಫ್ಯಾನ್, ಎಸ್‌ಎಂಪಿಎಸ್, ನಿಯಂತ್ರಕಗಳು ಗ್ರ್ಯಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕವು. ವೈರ್ ಮತ್ತು ಚಾನೆಲ್‌ಗಳನ್ನು ಲೋಹಾರ್ ಚಾಳದಿಂದ ತಂದೆ. ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್ ನಡೆದು ಹೋಗುವಷ್ಟೇ ದೂರವಾದ್ದರಿಂದ ಅಕ್ವೇರಿಯಂ ಸಿಲಿಕೋನ್ ಕೂಡ ಒಂದೇ ಓಡಾಟದಲ್ಲಿ ಆಗುತ್ತದೆ. ವಿದ್ಯುತ್ ಖರ್ಚು ದೀಪ ಮತ್ತು ಫ್ಯಾನ್ ಸೇರಿ ತಿಂಗಳಿಗೆ 15ರಿಂದ 18 ಯೂನಿಟ್.

ಪುಣೆಯಲ್ಲಿರುವವರು ಇದೇ ಹುಡ್ ಮಾಡಿಸುವುದಾದರೆ ಒಂದೇ ಫ್ಯಾನ್ ಸಾಕು ಎನ್ನುತ್ತೇನೆ. ಅಲ್ಲಿನ ಮಾರ್ಚ್–ಏಪ್ರಿಲ್ ಗಾಳಿ ಒಣಗಿದ್ದಾದ್ದರಿಂದ ನೀರು ನಮ್ಮಲ್ಲಿಗಿಂತ ಬೇಗ ತಣ್ಣಗಾಗುತ್ತದೆ, ಬೇಗ ಖಾಲಿಯೂ ಆಗುತ್ತದೆ. ಚಳಿಗಾಲದ ರಾತ್ರಿಗಳಿಗೆ ಹೀಟರ್ ಕೂಡ ಬೇಕಾಗುವುದರಿಂದ ತಂಪು–ಬಿಸಿ ಎರಡನ್ನೂ ನೋಡಿಕೊಳ್ಳುವ ಎಸ್‌ಟಿಸಿ-1000 ನಿಯಂತ್ರಕವೇ ಮೇಲು. ಗೋವಾದವರು ನಮ್ಮಂತೆಯೇ ಎರಡು ಫ್ಯಾನ್ ಇಟ್ಟುಕೊಂಡು, ಸೀಳುಗಳನ್ನು ಇನ್ನಷ್ಟು ಅಗಲ ಮಾಡಿಸಲಿ. ಎರಡಡಿಯ ತೊಟ್ಟಿ ಇರುವವರಿಗೆ ಇಷ್ಟು ಕೆಲಸದ ಅಗತ್ಯ ಕಾಣುವುದಿಲ್ಲ: ಬಾಯಿಗೆ ಜಾಲರಿ ಹಾಕಿ, ಅಂಚಿಗೆ ಕ್ಲಿಪ್ ಮಾಡುವ ಒಂದು ಚಿಕ್ಕ ಫ್ಯಾನ್ ಮತ್ತು ಒಂದು ಎಲ್‌ಇಡಿ ದೀಪ ಇಟ್ಟರೆ ಅದೇ ಫಲ ಸಿಗುತ್ತದೆ.