ಟೇಬಲ್ ಫ್ಯಾನ್ ಮುಂದೆ ಫೋನು ಮತ್ತು ಇವೆಂಟ್ ಕ್ಯಾಮೆರಾ

ಟೇಬಲ್ ಫ್ಯಾನಿನ ಒಂದು ರೆಕ್ಕೆಗೆ ಬಿಳಿ ಟೇಪಿನ ಚೂರು ಅಂಟಿಸಿ ಜೋರಾಗಿ ಬಿಟ್ಟೆ. ಎದುರಿಗೆ ನನ್ನ ಫೋನು, ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್. ಪಕ್ಕದಲ್ಲಿ ಗೆಳೆಯರೊಬ್ಬರಿಂದ ಎರಡು ವಾರಕ್ಕೆ ಕೇಳಿ ತಂದ ಡೇವಿಸ್ 346 ಇವೆಂಟ್ ಕ್ಯಾಮೆರಾ.

ಫ್ಯಾನ್ ಸೆಕೆಂಡಿಗೆ 20 ಸುತ್ತು ತಿರುಗಿದರೆ, ಫೋನಿನ ಎರಡು ಫ್ರೇಮ್‌ಗಳ ನಡುವೆ ಟೇಪು 30 ಡಿಗ್ರಿ ಜಿಗಿದಿರುತ್ತದೆ. ಆ ನಡುವೆ ಏನಾಯಿತೋ ಫೋನಿಗೆ ಗೊತ್ತೇ ಇಲ್ಲ. ಇವೆಂಟ್ ಕ್ಯಾಮೆರಾದಲ್ಲಿ ಫ್ರೇಮ್ ಅನ್ನೋದಕ್ಕೆ ಕಾಯುವ ಕೆಲಸ ಇಲ್ಲ. ಪ್ರತಿ ಪಿಕ್ಸೆಲ್ ತನ್ನ ಮೇಲೆ ಬೀಳುವ ಬೆಳಕು ಬದಲಾದಾಗ ಮಾತ್ರ ಬಾಯಿ ಬಿಡುತ್ತದೆ: ಎಲ್ಲಿ, ಯಾವಾಗ, ಹೆಚ್ಚಾಯಿತೋ ಕಡಿಮೆಯಾಯಿತೋ. ಇಂಥ ಒಂದೊಂದು ವರದಿಯೂ ಒಂದು ‘ಇವೆಂಟ್’. ಅದನ್ನು ಸಮಯದ ಉದ್ದಕ್ಕೆ ಬಿಡಿಸಿದಾಗ ಟೇಪಿನ ದಾರಿ ಪೆನ್ನಿನೊಳಗಿನ ಸ್ಪ್ರಿಂಗ್ ಎಳೆದ ಹಾಗೆ ಕಂಡಿತು. ಎಲ್ಲೂ ತುಂಡಾಗಿರಲಿಲ್ಲ. ನಾನು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ಮಿಶಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ ನಮ್ಮ ಕಣ್ಣಿನ ರೆಟಿನಾ ನೋಡಿ ಅಂಥದ್ದನ್ನೇ ಸಿಲಿಕಾನ್ ಚಿಪ್‌ನಲ್ಲಿ ಕಟ್ಟಿದ್ದರಿಂದ ಶುರುವಾದ ದಾರಿ ಇದು. 2008ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಪ್ರಕಟಿಸಿದ ಇವೆಂಟ್ ಸೆನ್ಸರ್ ಬರೀ 128×128 ಪಿಕ್ಸೆಲ್.

ತೊಂದರೆ ಕೊಟ್ಟಿದ್ದು ರಾತ್ರಿ, ಹಳೇ ಚೋಕ್ ಟ್ಯೂಬ್‌ಲೈಟ್. ಇಡೀ ಗೋಡೆ ಚುಕ್ಕಿ ಚುಕ್ಕಿಯಾಗಿ ಕುದಿಯುತ್ತಿತ್ತು. ಕೇಬಲ್ ಕೆಟ್ಟಿದೆ ಅಂದುಕೊಂಡೆ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕ್ಯಾಮೆರಾ ಅದನ್ನೇ ವರದಿ ಮಾಡುತ್ತಿತ್ತು ಅಷ್ಟೇ. ದೀಪ ಆರಿಸಿದೆ, ಗೋಡೆ ಸುಮ್ಮನಾಯಿತು.

ಮಧ್ಯಾಹ್ನ ಕಿಟಕಿ ಕಡೆ ತಿರುಗಿಸಿದೆ. ಫೋನಿನಲ್ಲಿ ಕಿಟಕಿ ಬೆಳ್ಳಗಾದರೆ ಕೋಣೆ ಸರಿ, ಕೋಣೆ ಕಪ್ಪಾದರೆ ಕಿಟಕಿ ಸರಿ. ಇವೆಂಟ್‌ಗಳಲ್ಲಿ ಎರಡೂ ಕಡೆಯ ಚಲನೆ ಸಿಕ್ಕಿತು. ಈ ಜಾತಿಯ ಸೆನ್ಸರ್‌ಗಳ ಡೈನಾಮಿಕ್ ರೇಂಜ್, ಅಂದರೆ ಒಟ್ಟಿಗೆ ಹಿಡಿಯಬಲ್ಲ ಮಬ್ಬು ಬೆಳಕಿಗೂ ಜೋರು ಬೆಳಕಿಗೂ ಇರುವ ಅಂತರ, 120 ಡೆಸಿಬೆಲ್ ಆಸುಪಾಸು, ಅದು ಸುಮ್ನೆ ಹೇಳುವ ಸಂಖ್ಯೆ ಅಲ್ಲ. ಆದರೆ ಕಿಟಕಿ ಕಟ್ಟೆ ಮೇಲಿಟ್ಟ ಕಾಫಿ ಲೋಟ ಮಾತ್ರ ಮಾಯ! ಅಲುಗಾಡದ್ದು ಇದಕ್ಕೆ ಕಾಣೋದಿಲ್ಲ ಅಲ್ವಾ. ಲೋಟದ ಮೇಲಿನ ಹಬೆ ಮಾತ್ರ ತೆಳ್ಳಗೆ ಏಳುತ್ತಿತ್ತು.

ಡೇವಿಸ್‌ನದು 346×260 ಪಿಕ್ಸೆಲ್, ಆದರೆ ಸಾಮಾನ್ಯ ಚಿತ್ರವನ್ನೂ ಕೊಡುತ್ತದೆ. 2021ರಲ್ಲಿ ಸೋನಿ ಮತ್ತು ಫ್ರಾನ್ಸಿನ ಪ್ರೊಫೆಸಿ ಕಂಪನಿ ಸೇರಿ ತಂದ ಐಎಂಎಕ್ಸ್636 ಇವೆಂಟ್ ಸೆನ್ಸರ್ 1280×720. ಅದನ್ನು ಒಂದೇ ದಿನ ಹಿಡಿದು ನೋಡಿದೆ. ಅಂಚುಗಳು ಚೂಪು, ಡೇಟಾ ಜಾಸ್ತಿ, ಸಾಮಾನ್ಯ ಚಿತ್ರ ಇಲ್ಲವೇ ಇಲ್ಲ.

ಕಲಿಯುವವರಿಗೆ ನಾನು ಡೇವಿಸ್ ಅನ್ನೇ ಹೇಳುತ್ತೇನೆ, ಚಿತ್ರದ ಪಕ್ಕದಲ್ಲೇ ಇವೆಂಟ್ ಇಟ್ಟು ನೋಡಬಹುದು. ಮೋಟಾರಿನ ನಡುಕ ಅಳೆಯಲು, ವೇಗದ ವಸ್ತು ಹಿಂಬಾಲಿಸಲು ಸೋನಿಯ ಸೆನ್ಸರ್. ಮನುಷ್ಯರ ಮುಖ, ಕಾಗದದ ಮೇಲಿನ ಅಕ್ಷರ ಬೇಕಿದ್ದರೆ ಫೋನೇ ಸಾಕು.